ನೆಲದೊಳಗಿನ ರೋಮನ್ ಬೆಳ್ಳಿ

ಪ್ರಾಚೀನ ನಾಣ್ಯಗಳನ್ನು ಸಂಗ್ರಹಿಸುವುದು ವಿದ್ಯಾವಂತರಲ್ಲಿ ಅನೇಕರಿಗೆ ಪ್ರಿಯವಾದ ಹವ್ಯಾಸ. ಆದರೆ ನಾಣ್ಯವನ್ನು ಪಡೆಯುವುದು ಬೇರೆ, ಅದರ ಚರಿತ್ರೆಯನ್ನು ಉಳಿಸುವುದು ಬೇರೆ. ಈ ಭೇದವು ನಮ್ಮ ನಾಡಿನಲ್ಲಿಯೇ ದೊರೆತ ರೋಮನ್ ನಾಣ್ಯಗಳಿಂದ ವಿಶದವಾಗುತ್ತದೆ.

1891ರಲ್ಲಿ ಬೆಂಗಳೂರಿನ ಯಶವಂತಪುರದ ಬಳಿ ರೈಲುದಾರಿಗಾಗಿ ಮಣ್ಣನ್ನು ಅಗೆಯುತ್ತಿದ್ದಾಗ 163 ರೋಮನ್ ಬೆಳ್ಳಿ ನಾಣ್ಯಗಳು ದೊರೆತುವು. 1965ರಲ್ಲಿ ಅದೇ ನಗರದ ಎಚ್.ಎ.ಎಲ್. ವಿಮಾನ ನಿಲ್ದಾಣದ ಬಳಿ 256 ನಾಣ್ಯಗಳ ಮತ್ತೊಂದು ನಿಧಿಯು ಬೆಳಕಿಗೆ ಬಂದಿತು. ಇವು ‘ದಿನಾರಿಯಸ್’ ಎಂಬ ನಾಣ್ಯಗಳು. ನಮ್ಮ ‘ದೀನಾರ’ ಶಬ್ದವು ಈ ಹೆಸರಿನಿಂದಲೇ ಬಂದುದು. ಅವುಗಳ ಮೇಲೆ ಆಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಮೊದಲಾದ ಚಕ್ರವರ್ತಿಗಳ ಮುದ್ರೆಗಳಿವೆ.

ಟೈಬೀರಿಯಸನ ನಾಣ್ಯವೊಂದು ಒಂಟಿಯಾಗಿ ಕೈಗೆ ಬಂದಿತೆನ್ನೋಣ. ಒಂದು ಬದಿಯಲ್ಲಿ ಎಲೆಮಾಲೆ ಧರಿಸಿದ ಅರಸನ ಮುಖ, ಮತ್ತೊಂದರಲ್ಲಿ ಆಸೀನಳಾದ ಸ್ತ್ರೀ. ಅದು ಕ್ರಿ. ಶ. 14ರಿಂದ 37ರೊಳಗೆ ಟಂಕಿತವಾಯಿತೆಂದು ತಿಳಿಯುವುದೇ ಹೊರತು, ಯಾವಾಗ ನಮ್ಮ ಮಣ್ಣನ್ನು ಸೇರಿತೆಂದು ತಿಳಿಯದು. ಅದರ ಜೊತೆಯಲ್ಲಿಯೇ ಕ್ಲಾಡಿಯಸನ ನಾಣ್ಯವೊಂದಿದ್ದರೆ, ಆತನು ಪಟ್ಟವೇರಿದ ಕ್ರಿ. ಶ. 41ಕ್ಕೆ ಮೊದಲು ಆ ನಿಧಿಯನ್ನು ಹೂಳಿರಲಾರರೆಂಬುದು ಸಿದ್ಧವಾಗುತ್ತದೆ. ಆ ಒಂದನ್ನು ಯಾರಾದರೂ ಮೆಲ್ಲನೆ ತೆಗೆದುಕೊಂಡು ಹೋದರೆ, ಉಳಿದ ನಾಣ್ಯಗಳ ಸಾಕ್ಷ್ಯವೇ ಕೆಡುವುದು.

ಕ್ರಿ. ಶ. 64ರ ಸುಮಾರಿಗೆ ನೀರೋ ಚಕ್ರವರ್ತಿಯು ಬೆಳ್ಳಿ ನಾಣ್ಯದ ತೂಕವನ್ನೂ ಶುದ್ಧಿಯನ್ನೂ ಇಳಿಸಿದನು. ದಕ್ಷಿಣ ಭಾರತದ ನಿಧಿಗಳಲ್ಲಿ ಅದಕ್ಕೆ ಹಿಂದಿನ ನಾಣ್ಯಗಳೇ ಹೆಚ್ಚು. ಬೆಳ್ಳಿಯ ಗುಣವನ್ನರಿತ ವರ್ತಕರು ಹಳೆಯದನ್ನೇ ಬಯಸಿದರೆಂದು ವಿದ್ವಾಂಸರು ಊಹಿಸಿದ್ದಾರೆ. ಈ ಊಹೆಗೆ ಆಧಾರವೂ ನಾಣ್ಯವಲ್ಲ, ನಾಣ್ಯಗಳ ಸಮೂಹ.

ಇದು ಬೆಂಗಳೂರಿನ ಮಾತಷ್ಟೇ ಎಂದು ಹಂಪಾಪುರದ ಸೀಮೆಯವರು ಭಾವಿಸಬೇಕಾಗಿಲ್ಲ. ಕ್ರಿ. ಶ. 2ನೆಯ ಶತಮಾನದ ಗ್ರೀಕ್ ಭೂಗೋಳಜ್ಞ ಟಾಲೆಮಿಯು ವೈಡೂರ್ಯ ದೊರೆಯುವ ‘ಪೌನ್ನಾಟ’ವೆಂಬ ಸ್ಥಳವನ್ನು ಹೆಸರಿಸಿದ್ದಾನೆ. ಇದನ್ನು ಪುನ್ನಾಟವೆಂದು ಅನೇಕ ವಿದ್ವಾಂಸರು ಗುರುತಿಸಿದ್ದಾರೆ. ಪುನ್ನಾಟದ ರಾಜಧಾನಿ ಕೀರ್ತಿಪುರವೆಂದರೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಕಪಿನೀ ತೀರದ ಕಿತ್ತೂರು. ಪಾಶ್ಚಾತ್ಯರಿಗೆ ಪರಿಚಿತವಾಗಿದ್ದ ಈ ನಾಡಿನ ಹೊಲಗದ್ದೆಗಳಲ್ಲಿ ನೇಗಿಲಿಗೆ ಏನು ಸಿಕ್ಕಿದರೂ ಅದು ಅಲಕ್ಷ್ಯಯೋಗ್ಯವಲ್ಲ.

ಕರ್ನಾಟಕದ 1962ರ ನಿಧಿ ಕಾಯಿದೆಯಂತೆ ನೆಲದಲ್ಲಿ ದೊರೆತ ನಿಧಿಯನ್ನು ಸರ್ಕಾರಕ್ಕೆ ತಿಳಿಸತಕ್ಕದ್ದು. ಭಯದಿಂದಲೋ ಲೋಭದಿಂದಲೋ ಅಕ್ಕಸಾಲೆಯ ಮೂಸೆಗೆ ಹಾಕಿದ ನಾಣ್ಯವು ಕೆಲವು ತೊಲ ಬೆಳ್ಳಿಯಾಗುವುದು. ಸ್ಥಳ, ಸಂಖ್ಯೆ, ಜೊತೆಯ ವಸ್ತು ಇವುಗಳೊಡನೆ ಒಪ್ಪಿಸಿದ ನಾಣ್ಯವು ನಾಡಿನ ಚರಿತ್ರೆಯಾಗುವುದು. ಈ ವಿಷಯವನ್ನು ಓದುಬಲ್ಲವರು ತಮ್ಮ ಗ್ರಾಮದ ರೈತರಿಗೆ ತಿಳಿಯಹೇಳಿದರೆ, ಅದೇ ಉತ್ತಮವಾದ ಸಂಗ್ರಹಕಾರ್ಯ.