ಚಾಕುವಿಗೆ ತಾಗಿದ ಸುಣ್ಣ

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಹಳ್ಳಿ ವೈದ್ಯ ಎಡ್ವರ್ಡ್ ಜೆನ್ನರ್ ಒಂದು ಶವಪರೀಕ್ಷೆ ನಡೆಸುತ್ತಿದ್ದ. ಮುಂದೆ ಸಿಡುಬಿಗೆ ಲಸಿಕೆ ಕೊಟ್ಟ ಜೆನ್ನರ್ ಇವನೇ. ಎದೆನೋವಿನಿಂದ ನರಳಿ ಸತ್ತವನ ಹೃದಯವನ್ನು ಕುಯ್ಯುತ್ತಿದ್ದಾಗ ಚಾಕು ಏನೋ ಗಟ್ಟಿಯಾದದ್ದಕ್ಕೆ ತಾಗಿ ಕರಕರ ಎಂದಿತು; ಅಲಗೇ ಮುಕ್ಕಾಯಿತು. ಜೆನ್ನರ್ ತಲೆಯೆತ್ತಿ ನೋಡಿದ. ಹಳೆಯ ಸೂರು, ಉದುರುವ ಗಾರೆ. ಅದರದೇ ಚೂರು ಬಿದ್ದಿರಬೇಕು ಅಂದುಕೊಂಡ. ಮತ್ತೆ ಬಗ್ಗಿ ಪರೀಕ್ಷಿಸಿದರೆ ಗಾರೆ ಮೇಲಿನಿಂದ ಬಿದ್ದದ್ದಲ್ಲ. ಹೃದಯಕ್ಕೆ ರಕ್ತ ಉಣಿಸುವ ಕರೋನರಿ ನಾಳಗಳೇ ಮೂಳೆಯ ಕೊಳವೆಗಳಂತಾಗಿದ್ದವು.

ಇದನ್ನು ಅವನು ಕೂಡಲೇ ಅಚ್ಚು ಹಾಕಿಸಲಿಲ್ಲ. ಅವನ ಗುರು, ಲಂಡನ್ನಿನ ಪ್ರಖ್ಯಾತ ಶಸ್ತ್ರವೈದ್ಯ ಜಾನ್ ಹಂಟರ್‌ನಿಗೆ ಅದೇ ಬಗೆಯ ಎದೆನೋವು ಬರುತ್ತಿತ್ತು. ಬರೆದರೆ ಗುರುವಿಗೆ ತನ್ನ ಗತಿ ತಿಳಿದುಬಿಡುತ್ತದೆಂಬ ಅಳುಕು. ತನ್ನನ್ನು ಕೆರಳಿಸಬಲ್ಲ ಯಾವ ಪುಂಡನ ಕೈಯಲ್ಲಾದರೂ ತನ್ನ ಪ್ರಾಣವಿದೆ ಎಂದು ಹಂಟರ್ ಹೇಳಿಕೊಳ್ಳುತ್ತಿದ್ದನಂತೆ. ಹಾಗೆಯೇ ಆಯಿತು. 1793ರ ಅಕ್ಟೋಬರ್‌ನಲ್ಲಿ ಸೇಂಟ್ ಜಾರ್ಜ್ ಆಸ್ಪತ್ರೆಯ ಸಭೆಯೊಂದರಲ್ಲಿ ಮಾತಿಗೆ ಮಾತು ಬೆಳೆದು, ಸಿಟ್ಟಿನಲ್ಲಿ ಎದ್ದು ಹೊರನಡೆದವನು ಕುಸಿದು ಸತ್ತ. ಅವನ ಹೃದಯದ ನಾಳಗಳೂ ಗಟ್ಟಿಯಾಗಿದ್ದವು. ಜೆನ್ನರ್‌ನ ಅನುಭವ ಅಚ್ಚಾದದ್ದು 1799ರಲ್ಲಿ, ಗೆಳೆಯ ಕೇಲಬ್ ಪ್ಯಾರಿಯ ಪುಸ್ತಕದಲ್ಲಿ.

ಸತ್ತವರ ನಾಳಗಳಲ್ಲಿ ಕಂಡ ಆ ಸುಣ್ಣವನ್ನು, ಅಂದರೆ ಕ್ಯಾಲ್ಸಿಯಂ ಅನ್ನು, ಬದುಕಿರುವವರಲ್ಲಿ ಎಣಿಸಲು ಇನ್ನೂ ಎರಡು ಶತಮಾನ ಬೇಕಾಯಿತು.

ಲೈಡನ್ನಿನ ವಿಜ್ಞಾನಿ ಐಂತೋವನ್ 20ನೆಯ ಶತಮಾನದ ಆರಂಭದಲ್ಲಿ ರೋಗಿಯ ಎರಡು ಕೈ, ಒಂದು ಕಾಲನ್ನು ಉಪ್ಪುನೀರಿನಲ್ಲಿ ಅದ್ದಿಸಿ ತೆಗೆದ ಇಸಿಜಿ ಹೃದಯದ ವಿದ್ಯುತ್ತನ್ನು ತೋರಿಸಿತೇ ಹೊರತು ನಾಳವನ್ನಲ್ಲ. ಚಲಿಸುವ ಪಟ್ಟಿಯ ಮೇಲೆ ನಡೆಸಿ ಇಸಿಜಿ ತೆಗೆಯುವ, ನಮ್ಮವರು ಟಿಎಂಟಿ ಎನ್ನುವ ಪರೀಕ್ಷೆಗೆ ಸಿಯಾಟಲ್‌ನ ರಾಬರ್ಟ್ ಬ್ರೂಸ್ 1963ರಲ್ಲಿ ಕ್ರಮ ಕಟ್ಟಿಕೊಟ್ಟ: ಮೂರು ನಿಮಿಷಕ್ಕೊಮ್ಮೆ ಪಟ್ಟಿಯ ಏರು ಹೆಚ್ಚು, ವೇಗ ಹೆಚ್ಚು. ಅದೂ ಓಡುವ ಹೃದಯಕ್ಕೆ ರಕ್ತ ಸಾಲದಾದಾಗ ಮಾತ್ರ ಬಾಯಿಬಿಡುತ್ತದೆ.

ನಾಳವೇ ಕಣ್ಣಿಗೆ ಬಿದ್ದದ್ದು ಒಂದು ಆಕಸ್ಮಿಕದಿಂದ. 1958ರ ಅಕ್ಟೋಬರ್ 30ರಂದು ಕ್ಲೀವ್‌ಲ್ಯಾಂಡ್‌ನಲ್ಲಿ ಮೇಸನ್ ಸೋನ್ಸ್ ಮಹಾಧಮನಿಗೆ ಎಕ್ಸ್‌ರೇಯಲ್ಲಿ ಕಾಣುವ ದ್ರವ ಬಿಡಲು ಹೊರಟಾಗ ಕೊಳವೆಯ ತುದಿ ಬಲಗಡೆಯ ಕರೋನರಿ ನಾಳಕ್ಕೆ ಜಾರಿತ್ತು. ದ್ರವ ಅಲ್ಲಿಗೇ ನುಗ್ಗಿ ರೋಗಿಯ ಹೃದಯ ನಿಂತಿತು. ಸೋನ್ಸ್ ಕೆಮ್ಮು ಎಂದು ಕೂಗಿದ; ರೋಗಿ ಕೆಮ್ಮಿದ, ಹೃದಯ ಮತ್ತೆ ಬಡಿಯಿತು. ಇಂದಿನ ಆಂಜಿಯೋಗ್ರಾಮ್‌ಗೆ ನಾಂದಿ ಅದು. ಆದರೆ ನೋವಿಲ್ಲದೆ ಓಡಾಡಿಕೊಂಡಿರುವವರ ಹೃದಯಕ್ಕೆ ಮುನ್ನೆಚ್ಚರಿಕೆಗೆಂದು ಕೊಳವೆ ತೂರಿಸುವುದುಂಟೆ?

ಕೊಳವೆಯಿಲ್ಲದೆ ನೋಡುವ ದಾರಿ ತೆರೆದದ್ದು ಬೀಟಲ್ಸ್ ಹಾಡುಗಳನ್ನು ಮಾರುತ್ತಿದ್ದ ಇಎಂಐ ಕಂಪನಿಯ ಎಂಜಿನಿಯರ್ ಗಾಡ್‌ಫ್ರೇ ಹೌನ್ಸ್‌ಫೀಲ್ಡ್. ಹಾಡಿನ ದುಡ್ಡೇ ಅವನ ಸಿಟಿ ಸ್ಕ್ಯಾನರ್ ಆಯಿತೆಂಬ ಕಥೆ ಸೊಗಸಾಗಿದೆ. ಬ್ರಿಟಿಷ್ ಸರ್ಕಾರವೂ ಹಣ ಹಾಕಿತ್ತೆಂಬುದನ್ನು ಮಾತ್ರ ಅದು ಮರೆಸುತ್ತದೆ. 1971ರ ಅಕ್ಟೋಬರ್ 1ರಂದು ಲಂಡನ್ನಿನಲ್ಲಿ ರೋಗಿಯೊಬ್ಬಳ ಮಿದುಳಿನ ಸಿಟಿ ಸ್ಕ್ಯಾನ್ ಆಯಿತು. ಒಂದೊಂದು ಚಿತ್ರಕ್ಕೆ ನಿಮಿಷಗಟ್ಟಲೆ ಬೇಕಿತ್ತು. ಮಿದುಳು ಅಲುಗದೆ ಕೂರುತ್ತದೆ, ಹೃದಯ ಕೂರುವುದಿಲ್ಲ. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಡಗ್ಲಾಸ್ ಬಾಯ್ಡ್ ತಿರುಗುವ ಯಂತ್ರಭಾಗವನ್ನೇ ಕೈಬಿಟ್ಟು, ಎಲೆಕ್ಟ್ರಾನ್ ಕಿರಣವನ್ನು ಅಯಸ್ಕಾಂತದಿಂದ ಬೀಸಿ, ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಚಿತ್ರ ಹಿಡಿದ.

ಆ ಯಂತ್ರದಿಂದ ಮಯಾಮಿ ಬೀಚ್‌ನ ಆರ್ಥರ್ ಆಗಟ್‌ಸ್ಟನ್, ವಾರೆನ್ ಜಾನೋವಿಟ್ಜ್ ಮತ್ತು ಸಂಗಡಿಗರು 584 ಜನರನ್ನು ಪರೀಕ್ಷಿಸಿ, 1990ರಲ್ಲಿ ಸುಣ್ಣಕ್ಕೆ ಲೆಕ್ಕ ಕೊಟ್ಟರು. ಸಿಟಿ ಚಿತ್ರದಲ್ಲಿ ಸಾಂದ್ರತೆ ಅಳೆಯುವ ಹೌನ್ಸ್‌ಫೀಲ್ಡ್ ಮಾನದಲ್ಲಿ ನೀರು 0, ಗಾಳಿ ಮೈನಸ್ 1000. 130 ದಾಟಿದ್ದು ಕ್ಯಾಲ್ಸಿಯಂ. ಪ್ರತಿ ಕಲೆಯ ವಿಸ್ತೀರ್ಣವನ್ನು ಅದರ ಸಾಂದ್ರತೆಗೆ ತಕ್ಕಂತೆ 1ರಿಂದ 4ರವರೆಗಿನ ಅಂಕಿಯಿಂದ ಗುಣಿಸಿ ಕೂಡಿದರೆ ಆಗಟ್‌ಸ್ಟನ್ ಅಂಕ. ಸೂಜಿಯಿಲ್ಲ, ಔಷಧಿಯಿಲ್ಲ, ಕೆಲವು ಸೆಕೆಂಡು ಉಸಿರು ಬಿಗಿಹಿಡಿದರೆ ಸಾಕು.

ಉಸಿರು ಹಿಡಿಯಲೂ ಬೇಕಿಲ್ಲದ ರೋಗಿಗಳು ಸಿಕ್ಕಿದ್ದು ಈಜಿಪ್ಟ್‌ನಲ್ಲಿ. ಕೈರೋ ವಸ್ತುಸಂಗ್ರಹಾಲಯದಲ್ಲಿ ಫೇರೋ ಮೆರ್ನೆಪ್ಟಾನ ಮಮ್ಮಿಯ ಬಳಿಯ ಫಲಕ ಅವನಿಗೆ ರಕ್ತನಾಳದ ಕಾಯಿಲೆ ಇತ್ತೆಂದಿತ್ತು. ಹೃದ್ರೋಗ ತಜ್ಞರು ಅದನ್ನು ಓದಿ ಹುಬ್ಬೇರಿಸಿದರು, ಮಮ್ಮಿಗಳನ್ನೇ ಸಿಟಿಗೆ ಮಲಗಿಸಿದರು. ಕ್ರಿಸ್ತಪೂರ್ವ 16ನೆಯ ಶತಮಾನದ ರಾಜಕುಮಾರಿ ಅಹ್ಮೋಸ್ ಮೆರ್ಯೆತ್ ಅಮೂನ್ ತೀರಿಕೊಂಡದ್ದು ನಲವತ್ತರ ಆಸುಪಾಸಿನಲ್ಲಿ. ಆಕೆಯ ಕರೋನರಿ ನಾಳಗಳಲ್ಲಿ ಸುಣ್ಣ ಕಟ್ಟಿತ್ತು. 2013ರ ವರದಿಯಲ್ಲಿ ಈಜಿಪ್ಟ್, ಪೆರು, ಅಮೆರಿಕದ ನೈರುತ್ಯ ಭಾಗ, ಅಲ್ಯೂಷಿಯನ್ ದ್ವೀಪಗಳ 137 ಮಮ್ಮಿಗಳ ಪೈಕಿ 47ರಲ್ಲಿ ನಾಳಗಳು ಗಡಸುಗಟ್ಟಿದ್ದ ಗುರುತಿತ್ತು. ಬರ್ಗರ್, ಸಿಗರೇಟುಗಳ ಮೇಲೆ ಎಲ್ಲ ಹೊಣೆ ಹೊರಿಸಿದ್ದವರು ಕೊಂಚ ಪೆಚ್ಚಾದರು.

ಆದರೆ ಸ್ಕ್ಯಾನ್‌ನಲ್ಲಿ ಸುಣ್ಣ ಕಾಣದಿದ್ದರೆ ನಾಳ ಚೊಕ್ಕಟ ಎನ್ನಲಾಗದು. ಎಳೆಯ ವಯಸ್ಸಿನವರಲ್ಲಿ ಕೊಬ್ಬು ಇನ್ನೂ ಮೆತ್ತಗಿರುತ್ತದೆ, ಸುಣ್ಣವಾಗಿರುವುದಿಲ್ಲ. ಭಾರತೀಯರಿಗೆ ಈ ಮಾತು ಹೆಚ್ಚು ತಟ್ಟುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯೂ ಪಾಲ್ಗೊಂಡಿದ್ದ, 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನದ ಪ್ರಕಾರ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸರಾಸರಿ 53ಕ್ಕೆ. ಉಳಿದವರಿಗೆ 59ರ ಹೊತ್ತಿಗೆ.

ಮೆತ್ತನೆಯ ಕೊಬ್ಬನ್ನೂ ತೋರಿಸುವುದು ಸಿಟಿ ಆಂಜಿಯೋಗ್ರಾಮ್. ಇದಕ್ಕೆ ತೋಳಿಗೊಂದು ಸೂಜಿ, ಅಯೋಡಿನ್ ದ್ರವ ಬೇಕು. ಸ್ಕಾಟ್ಲೆಂಡ್‌ನಲ್ಲಿ ಎದೆನೋವೆಂದು ಬಂದ 4146 ಜನರಲ್ಲಿ ಅರ್ಧದಷ್ಟು ಮಂದಿಗೆ ಮಾಮೂಲಿ ತಪಾಸಣೆಯ ಜೊತೆ ಇದನ್ನೂ ಮಾಡಿ ಐದು ವರ್ಷ ನೋಡಿದರು. ಹೃದಯಾಘಾತ ಅಥವಾ ಹೃದ್ರೋಗದ ಸಾವು ಸ್ಕ್ಯಾನ್ ಇಲ್ಲದವರಲ್ಲಿ ಶೇಕಡಾ 3.9, ಆದವರಲ್ಲಿ 2.3. ಸ್ಟೆಂಟು, ಬೈಪಾಸುಗಳ ಸಂಖ್ಯೆ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ ಇತ್ತು. ಹೆಚ್ಚಿದ್ದದ್ದು, ಚಿತ್ರ ನೋಡಿದ ವೈದ್ಯರು ಬರೆದುಕೊಟ್ಟ ಆಸ್ಪಿರಿನ್ ಮತ್ತು ಕೊಲೆಸ್ಟರಾಲ್ ಮಾತ್ರೆಗಳು.