ಬೇಡದ ಭಕ್ತಿ: ಅತ್ತಿಮಬ್ಬೆಯ ಜಿನಾಶ್ರಯ

ದೈವವನ್ನು ನಂಬಿ ಕಷ್ಟವನ್ನು ದಾಟುವುದೆಂದರೆ ಅದರ ಕರುಣೆಯನ್ನು ಬೇಡುವುದೆಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಜೈನರ ಜಿನನು ವೀತರಾಗ. ಆತನಿಗೆ ಒಲವೂ ಇಲ್ಲ, ಮುನಿಸೂ ಇಲ್ಲ. ಮೊರೆಯನ್ನು ಕೇಳಿ ಸಂಕಟವನ್ನು ಕಳೆಯುವ ಕರ್ತೃ ಆತನಲ್ಲ. ಕರ್ಮಫಲವನ್ನು ಜೀವವೇ ಉಂಡು ತೀರಿಸಬೇಕು. ಅಂಥ ದೇವರನ್ನು ನೆಮ್ಮಿ ಬಾಳುವುದು ಹೇಗೆ? ಅತ್ತಿಮಬ್ಬೆಯ ಬದುಕಿನಲ್ಲಿ ಈ ಪ್ರಶ್ನೆಗೊಂದು ಉತ್ತರವಿದೆ.

ಅತ್ತಿಮಬ್ಬೆ ಮಲ್ಲಪನ ಮಗಳು. ಕಲ್ಯಾಣ ಚಾಲುಕ್ಯರ ಸೇನಾನಿ ನಾಗದೇವನ ಮಡದಿ. ಅವಳ ತಂಗಿ ಗುಂಡಮಬ್ಬೆಯೂ ಆತನನ್ನೇ ವರಿಸಿದ್ದಳು. ನಾಗದೇವನು ಮಡಿದಾಗ ಗುಂಡಮಬ್ಬೆ ಸಹಗಮನ ಮಾಡಿದಳು. ಪತಿಯನ್ನೂ ಒಡಹುಟ್ಟಿದವಳನ್ನೂ ಒಟ್ಟಿಗೆ ಕಳೆದುಕೊಂಡ ಅತ್ತಿಮಬ್ಬೆ, ಮಗ ಅಣ್ಣಿಗನೊಡನೆ ಬಾಳನ್ನು ಆಯ್ದುಕೊಂಡು ಜಿನವ್ರತದಲ್ಲಿ ನಿಂತಳು.

ಆಕೆ ಕಂಡುಕೊಂಡ ಆಸರೆ ಬೇಡಿಕೆಯದಲ್ಲ, ದಾನದ್ದು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ ಪೊನ್ನನಿಂದ ‘ಶಾಂತಿಪುರಾಣ’ವನ್ನು ಬರೆಸಿದವರು ಅವಳ ತಂದೆ ಮಲ್ಲಪ ಮತ್ತು ಆತನ ಸೋದರ ಪುನ್ನಮಯ್ಯ. ತವರಿನ ಆ ಕೃತಿ ಅಳಿಯದಂತೆ ಅತ್ತಿಮಬ್ಬೆ 1000 ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧ. ಒಂದೊಂದು ಪ್ರತಿಯನ್ನೂ ಓಲೆಗರಿಯ ಮೇಲೆ ಕಂಠದಿಂದ ಕೊರೆಯಬೇಕಿದ್ದ ಕಾಲವದು. ರನ್ನನು 993ರಲ್ಲಿ ‘ಅಜಿತಪುರಾಣ’ವನ್ನು ರಚಿಸಿದ್ದು ಅವಳ ಆಶ್ರಯದಲ್ಲಿ, ಅವಳಿಗೆ ‘ದಾನಚಿಂತಾಮಣಿ’ ಎಂಬ ಬಿರುದೂ ಸಂದಿತು. ಲಕ್ಕುಂಡಿಯಲ್ಲಿ ಅವಳು ಕಟ್ಟಿಸಿದ ಬಸದಿಯ ಶಾಸನ 1007ರದು.

ಜಿನಬಿಂಬವನ್ನು ತಲೆಯ ಮೇಲೆ ಹೊತ್ತು ನಿಂತ ಅತ್ತಿಮಬ್ಬೆಗಾಗಿ ತುಂಬಿದ ಗೋದಾವರಿ ತಡೆದು ನಿಂತಿತೆಂಬ ಪವಾಡವೂ ಅವಳ ಹೆಸರಿನೊಡನೆ ಬೆಸೆದಿದೆ. ಒಲಿಯದ, ಮುನಿಯದ ದೇವರ ಭಕ್ತೆಗೂ ಲೋಕವು ಪವಾಡವನ್ನು ಸಲ್ಲಿಸಿತು. ಆದರೆ ಸಿದ್ಧಾಂತದ ಮಾತಿನಲ್ಲಿ ಹೇಳುವುದಾದರೆ ಅಲ್ಲಿ ಜಿನನು ಮಾಡಿದ್ದೇನೂ ಇಲ್ಲ; ನದಿಯನ್ನು ನಿಲ್ಲಿಸಿದ್ದು ಹೊತ್ತವಳ ಶೀಲ.

ಜಿನಾರ್ಚನೆಯ ಗುರಿ ವರವಲ್ಲ, ಜಿನನ ಗುಣವನ್ನು ತನ್ನದಾಗಿಸಿಕೊಳ್ಳುವುದು. ಕಳೆದುಕೊಂಡುದನ್ನು ಮರಳಿ ಕೊಡೆಂದು ಬೇಡಲಾಗದ ದೇವರ ಮುಂದೆ ಅತ್ತಿಮಬ್ಬೆ ಕೈಯೊಡ್ಡಲಿಲ್ಲ, ಉಳಿದುದನ್ನು ಕೊಟ್ಟಳು. ವೈರಾಗ್ಯಮೂರ್ತಿಯನ್ನು ನೆಮ್ಮಿದವಳಿಗೆ ಬಲವು ಬಂದದ್ದು ಆ ಕೊಡುವಿಕೆಯಿಂದಲೇ. ಅವಳ ಅಳಲು ಓಲೆಗರಿಗಳಲ್ಲಿ ದಾಖಲಾಗಲಿಲ್ಲ. ಅವಳು ಉಳಿಸಲೆಳಸಿದ ಪೊನ್ನನ ಪುರಾಣ ಇಂದಿಗೂ ಓದಿಗೆ ದೊರೆಯುತ್ತದೆ.