ಮಂದಿಗೆ ಸೇರಿದ್ದೆಷ್ಟು, ಮನೆಗೆ ಸೇರಿದ್ದೆಷ್ಟು

12–13ನೇ ಶತಮಾನಗಳಲ್ಲಿ ನಮ್ಮ ಹಾವೇರಿ ಜಿಲ್ಲೆಯ ಗುತ್ತಲದಿಂದ ಆಳಿದ ಗುತ್ತ ಅರಸರು ತಾವು ಉಜ್ಜಯಿನಿಯ ಚಂದ್ರಗುಪ್ತನ ವಂಶದವರೆಂದು ಶಾಸನಗಳಲ್ಲಿ ಹೇಳಿಕೊಂಡರು. ಹೌದೇ ಎಂದು ಯಾರಾದರೂ ಕೇಳಿದ್ದರೆ ಆ ಮಾತು ಕಲ್ಲಿಗೆ ಏರುತ್ತಿರಲಿಲ್ಲ, ಬಿಡಿ. ಆಳುವವರ ಬಗ್ಗೆ ಆಳಿಸಿಕೊಳ್ಳುವವರು ಏನು ಆಡಬಹುದು ಎಂಬುದಕ್ಕೆ ಲಿಖಿತ ಗೆರೆ ಬಿದ್ದದ್ದು ಬಹಳ ಮುಂದೆ, 1860ರ ದಂಡಸಂಹಿತೆಯಲ್ಲಿ.

ಅದರ 499ನೇ ಕಲಮು ಮಾನಹಾನಿಯನ್ನು ಅಪರಾಧವೆಂದು ಸಾರಿ, ಜೊತೆಗೇ ಹತ್ತು ವಿನಾಯಿತಿಗಳನ್ನೂ ಕೊಟ್ಟಿತು. ಸರ್ಕಾರಿ ನೌಕರ ಹುದ್ದೆಯ ಕೆಲಸದಲ್ಲಿ ನಡೆದುಕೊಂಡ ರೀತಿಯನ್ನು ಸದ್ಭಾವನೆಯಿಂದ ಟೀಕಿಸಬಹುದು ಎನ್ನುವುದು ಎರಡನೆಯದು. ಮೂರನೆಯದು ಇನ್ನೂ ಸ್ವಾರಸ್ಯದ್ದು. ಸಾರ್ವಜನಿಕ ಪ್ರಶ್ನೆಯೊಂದರಲ್ಲಿ ಯಾರೇ ಆಗಲಿ ನಡೆದುಕೊಂಡ ರೀತಿ ಟೀಕೆಗೆ ತೆರೆದದ್ದು. ಸರ್ಕಾರಕ್ಕೆ ಅರ್ಜಿ ಕೊಡುವುದು, ಸಭೆ ಕರೆಯುವ ಮನವಿಗೆ ಸಹಿ ಹಾಕುವುದು, ಸಭೆಯ ಅಧ್ಯಕ್ಷತೆ ವಹಿಸುವುದು, ಚುನಾವಣೆಯಲ್ಲಿ ಒಬ್ಬರ ಪರ ಓಡಾಡುವುದು ಇವೆಲ್ಲ ಕಾನೂನೇ ಕೊಟ್ಟ ಉದಾಹರಣೆಗಳು. ಹಾಗೆ ನೋಡಿದರೆ ಬೆಳೆ ಪರಿಹಾರಕ್ಕೆಂದು ಅರ್ಜಿ ಹಿಡಿದು ಹಾವೇರಿಗೆ ಹೋದ ಗುತ್ತಲದ ರೈತನೂ ಅಷ್ಟರ ಮಟ್ಟಿಗೆ ಸಾರ್ವಜನಿಕ ವ್ಯಕ್ತಿ. ಅವನ ಮನೆಯ ಜಗಳ ಮಾತ್ರ ಮನೆಯದೇ. ಕಾನೂನು ಅಳೆದದ್ದು ಮಾಡಿದ ಕೆಲಸವನ್ನು. ಮಾಡಿದವನ ದೊಡ್ಡಸ್ತಿಕೆ ಅದಕ್ಕೆ ಬೇಕಿರಲಿಲ್ಲ.

ಅಮೆರಿಕದವರು ಆಳನ್ನೇ ಅಳೆಯಲು ಹೊರಟರು. ಅಧಿಕಾರದಲ್ಲಿರುವವನು ಪತ್ರಿಕೆಯಿಂದ ಪರಿಹಾರ ಪಡೆಯಬೇಕಾದರೆ, ಸುಳ್ಳೆಂದು ಗೊತ್ತಿದ್ದೂ ಅಥವಾ ಸತ್ಯದ ಗೊಡವೆಯೇ ಇಲ್ಲದೆ ಬರೆದರು ಎಂದು ಸಾಬೀತು ಮಾಡಬೇಕು ಎಂದಿತು ಅಲ್ಲಿನ ಸುಪ್ರೀಂ ಕೋರ್ಟು, 1964ರಲ್ಲಿ. ಮೂರು ವರ್ಷಕ್ಕೆ ಅದು ಹೆಸರಾಂತರಿಗೂ ಹಬ್ಬಿತು.

ಆ ವಿಚಾರ ನಮ್ಮಲ್ಲಿಗೆ ಬಂದದ್ದು 1994ರಲ್ಲಿ, ಮರಣದಂಡನೆಗೆ ಗುರಿಯಾಗಿದ್ದ ಆಟೋ ಶಂಕರ್‌ನ ಆತ್ಮಕಥೆಯ ನೆಪದಲ್ಲಿ. ತಮಿಳುನಾಡಿನ ‘ನಕ್ಕೀರನ್’ ಪತ್ರಿಕೆ ಹೂಡಿದ ಆ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿದ್ದಿಷ್ಟು: ಖಾಸಗಿತನ ಎಲ್ಲರ ಹಕ್ಕು, ಸಾರ್ವಜನಿಕ ದಾಖಲೆಗೆ ಏರಿದ್ದಕ್ಕೆ, ತಾನಾಗಿ ವಿವಾದಕ್ಕೆ ಇಳಿದವನಿಗೆ, ಅಧಿಕಾರಿಯ ಹುದ್ದೆಯ ಕೆಲಸಕ್ಕೆ ಅದು ಗುರಾಣಿಯಲ್ಲ. ಆದರೆ ನ್ಯಾಯಾಂಗ ನಿಂದನೆ ಮತ್ತು ಶಾಸಕಾಂಗದ ಹಕ್ಕುಬಾಧ್ಯತೆ ಈ ನಿಯಮದ ಹೊರಗೆ ಎಂಬ ಸಾಲೂ ಆ ತೀರ್ಪಿನಲ್ಲಿತ್ತು. ಅದರ ತೂಕ ಗೊತ್ತಾಗಲು 23 ವರ್ಷ ಬೇಕಾಯಿತು.

ನಡುವೆ ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್ ಹೂಡಿದ್ದ ಮೊಕದ್ದಮೆಯಲ್ಲಿ 2002ರಲ್ಲಿ ಬಂದ ತೀರ್ಪಿನಿಂದಾಗಿ ಅಭ್ಯರ್ಥಿಗಳ ಆಸ್ತಿ, ಸಾಲ, ಕ್ರಿಮಿನಲ್ ಪ್ರಕರಣಗಳು ಮತದಾರರ ಕಣ್ಣಿಗೆ ಬಿದ್ದವು. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯ ಲೆಕ್ಕಪುಸ್ತಕ ಅವನದೇ. ಅವನು ಚುನಾವಣೆಗೆ ನಿಂತ ದಿನ ಹೆಂಡತಿಯ ಬಂಗಾರವೂ ಪ್ರಮಾಣಪತ್ರಕ್ಕೆ ಬರುತ್ತದೆ.

ತೀರ್ಪುಗಳನ್ನಷ್ಟೇ ಓದಿದರೆ ಪುಢಾರಿಗಳ ಬಾಗಿಲು ಒಂದೊಂದಾಗಿ ತೆರೆಯುತ್ತ ಬಂದಂತೆ ಕಾಣುತ್ತದೆ. ನಮ್ಮ ಸೀಮೆಯ ದಾಖಲೆ ಬೇರೆ ಹೇಳುತ್ತದೆ. 2016ರ ನವೆಂಬರಿನಲ್ಲಿ ಹುಬ್ಬಳ್ಳಿಯ ನ್ಯಾಯಾಲಯ, 2008ರ ಒಂದು ಬರಹಕ್ಕಾಗಿ ಬಿಜೆಪಿ ನಾಯಕರು ಹೂಡಿದ್ದ ಮಾನಹಾನಿ ಮೊಕದ್ದಮೆಯಲ್ಲಿ ಪತ್ರಕರ್ತೆ ಗೌರಿ ಲಂಕೇಶರಿಗೆ ಆರು ತಿಂಗಳ ಸಜೆ ವಿಧಿಸಿತು. ಕ್ರಿಮಿನಲ್ ಮಾನಹಾನಿ ಸಂವಿಧಾನಬದ್ಧ ಎಂದು ಸುಪ್ರೀಂ ಕೋರ್ಟು ಹೇಳಿದ್ದೂ ಅದೇ ವರ್ಷ.

2017ರ ಜೂನ್‌ನಲ್ಲಂತೂ ಮೊಕದ್ದಮೆಯೇ ಬೇಕಾಗಲಿಲ್ಲ. ‘ಹಾಯ್ ಬೆಂಗಳೂರ್!’ನ ರವಿ ಬೆಳಗೆರೆ ಮತ್ತು ‘ಯಲಹಂಕ ವಾಯ್ಸ್’ನ ಅನಿಲ್ ರಾಜು ಅವರಿಗೆ ಒಂದು ವರ್ಷ ಸಜೆ, ಹತ್ತು ಸಾವಿರ ರೂಪಾಯಿ ದಂಡ ಎಂದು ವಿಧಾನಸಭೆಯೇ ನಿರ್ಣಯ ಮಾಡಿತು. ಹಕ್ಕುಚ್ಯುತಿಯ ದೂರು ಕೊಟ್ಟಿದ್ದ ಶಾಸಕರಲ್ಲಿ ರಾಣೆಬೆನ್ನೂರಿನ ಕೆ.ಬಿ. ಕೋಳಿವಾಡರೂ ಒಬ್ಬರು, ನಿರ್ಣಯದ ದಿನ ಸಭಾಧ್ಯಕ್ಷರ ಪೀಠದಲ್ಲಿದ್ದವರೂ ಅವರೇ. ಬರಹಗಳು ಸರಿಯೋ ತಪ್ಪೋ, ಅದು ಬೇರೆ ಮಾತು. ಸದನದ ಕಲಾಪಕ್ಕೆ ಅಡ್ಡಿಯಾಗದಂತೆ ಇರುವ ಹಕ್ಕುಬಾಧ್ಯತೆಯನ್ನು ಶಾಸಕರ ಸ್ವಂತ ಮಾನ ಕಾಯಲು ಬಳಸಿದ್ದು ನನಗೆ ಒಪ್ಪಿತವಲ್ಲ. ದೂರುದಾರರೂ ತೀರ್ಪುಗಾರರೂ ಒಂದೇ ಸದನದವರಾದರೆ ಪ್ರತಿವಾದಿ ಯಾರ ಮುಂದೆ ನಿಲ್ಲಬೇಕು?

ಮೂರನೆಯ ದಾರಿ, ಬರೆಯುವ ಮುಂಚೆಯೇ ತರುವ ತಡೆಯಾಜ್ಞೆ. 2019ರ ಲೋಕಸಭಾ ಚುನಾವಣೆಯ ಹೊತ್ತಿಗೆ ಬೆಂಗಳೂರಿನ ಅಭ್ಯರ್ಥಿ ತೇಜಸ್ವಿ ಸೂರ್ಯ ತಂದದ್ದನ್ನು ಹೈಕೋರ್ಟು ತೆಗೆದುಹಾಕಿತು. ಆಗಲೂ ಅರ್ಜಿದಾರರು 2002ರ ಅದೇ ಸಂಸ್ಥೆಯವರು. 2021ರ ಮಾರ್ಚಿನಲ್ಲಿ ರಾಜ್ಯದ ಆರು ಸಚಿವರು ಅರವತ್ತಕ್ಕೂ ಹೆಚ್ಚು ಮಾಧ್ಯಮಗಳ ವಿರುದ್ಧ ತಡೆ ಪಡೆದರು. ನಮ್ಮ ಜಿಲ್ಲೆಯ ಹಿರೇಕೆರೂರಿನ ಬಿ.ಸಿ. ಪಾಟೀಲರು ಅವರಲ್ಲಿದ್ದರು. ಪೊಲೀಸ್ ಅಧಿಕಾರಿ, ಸಿನಿಮಾ ನಟ, ಶಾಸಕ, ಮಂತ್ರಿ: ಇದಕ್ಕಿಂತ ಹೆಚ್ಚು ಸಾರ್ವಜನಿಕವಾದ ಬದುಕು ಹಾವೇರಿಯಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ.

ಖಾಸಗಿತನಕ್ಕೆ ಕಾವಲು ನಿಜಕ್ಕೂ ಬೇಕಾಗಿರುವುದು ಹೆಸರಿಲ್ಲದವರಿಗೆ. 2017ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟು ತನ್ನ ಆದೇಶವೊಂದರಿಂದ ಒಬ್ಬ ಹೆಣ್ಣುಮಗಳ ಹೆಸರು ಇಂಟರ್ನೆಟ್ ಹುಡುಕಾಟದಲ್ಲಿ ಸಿಗದಂತೆ ಮರೆಮಾಡಲು ಹೇಳಿದ್ದು ಅಂಥವರಿಗಾಗಿ. ಅದೇ ವರ್ಷದ ಆಗಸ್ಟಿನಲ್ಲಿ, ಇದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ, ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಸಾರಿದರು.

ಆ ಹಕ್ಕಿನ ಹೆಸರಿನಲ್ಲೇ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮನ್ನು ಬದಲಿಸಿತು. ಮೊದಲು ಅಧಿಕಾರಿಯ ವೈಯಕ್ತಿಕ ಮಾಹಿತಿ ಸಾರ್ವಜನಿಕ ಕೆಲಸಕ್ಕೆ ಸಂಬಂಧಿಸಿದ್ದರೆ ಕೇಳಿ ಪಡೆಯಬಹುದಿತ್ತು. ತಿದ್ದುಪಡಿ ಆ ಷರತ್ತನ್ನೇ ಕಿತ್ತುಹಾಕಿತು. 1860ರವರು ಹಾಕಿದ್ದ ಗೆರೆಯೂ ಆ ಷರತ್ತಿನದೇ. ಮಾಹಿತಿ ಹಕ್ಕು ಕಾಯ್ದೆಯಲ್ಲಿ 8(2) ಇನ್ನೂ ಇದೆ: ಜನಹಿತ ಹೆಚ್ಚಿನದಾದರೆ ಮಾಹಿತಿ ಕೊಡಬಹುದು. ಹೆಚ್ಚಿನದೋ ಅಲ್ಲವೋ ಎಂದು ಮೊದಲು ತೀರ್ಮಾನಿಸುವುದು ಮಾಹಿತಿ ಇಟ್ಟುಕೊಂಡಿರುವ ಕಚೇರಿಯೇ.